ಉಣ್ಣೂ ಕೈಗೆ ಹೊಳ್ರಿ

ನನ್ನ ಮೊಬೈಲಿನ ಕವರಿನ ಮೂಲೆಯಲ್ಲಿ ಕಡಲೆಕಾಳಿನಷ್ಟು ಕರಿ ಎರೆಮಣ್ಣು ಕೂತಿದೆ. ಕೂತು ಎರಡು ತಿಂಗಳಾಯಿತು. ನನ್ನ ಹೆಂಡತಿ ಅದನ್ನು ಪಿನ್ನಿನಿಂದ ಕೆರೆದು ತೆಗೆಯಲು ಮೂರು ಸಲ ಬಂದಳು. ಮೂರು ಸಲವೂ ನಾನು ಮೊಬೈಲನ್ನು ಜೇಬಿಗೆ ಸೇರಿಸಿದೆ. ಪ್ರವಾಸ ಹೋದವರು ಶಂಖ ತರುತ್ತಾರೆ, ಗೊಂಬೆ ತರುತ್ತಾರೆ, ಯಾರೂ ಉಡದ ಸೀರೆ ತರುತ್ತಾರೆ. ನಾನು ಬೆಳ್ಳಟ್ಟಿ ದಾರಿಯಿಂದ ಇಷ್ಟು ಮಣ್ಣು ತಂದಿದ್ದೇನೆ. ಅದು ಹೇಗೆ ಬಂತು ಎಂದು ಹೇಳದೆ ನನಗೆ ಸಮಾಧಾನವಿಲ್ಲ. ಆದರೆ ನಾನು ಕಥೆ ಹೇಳುವುದೂ ದಾರಿ ತೋರಿಸುವುದೂ ಒಂದೇ ತೆರ. ನೇರವಾಗಿ ಮುಟ್ಟಿಸುವುದಿಲ್ಲ, ಸ್ವಲ್ಪ ಸಹಿಸಿಕೊಳ್ಳಬೇಕು.

ದಾರಿಯ ವಿಷಯ ಬಂದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಯಾಕೆಂದರೆ ನಾನು ಅಂಚೆ ಕಚೇರಿಯಲ್ಲಿ ಇದ್ದವನು. ಗದಗ, ಶಿರಹಟ್ಟಿ, ಮುಂಡರಗಿ ಎಂದು ತಿರುಗಿ ತಿರುಗಿ ಇಡೀ ನೌಕರಿ ಮಂದಿಯ ವಿಳಾಸ ಓದುವುದರಲ್ಲೇ ಕಳೆದೆ. ಮುಂಡರಗಿಯಲ್ಲಿದ್ದಾಗ ಒಂದು ಪತ್ರ ಬರುತ್ತಿತ್ತು: 'ಹುಣಸಿ ಗಿಡದ ಮನಿ, ಮುಂಡರಗಿ.' ಇಷ್ಟೇ ವಿಳಾಸ. ಆ ಹುಣಸೆಗಿಡವನ್ನು ಕಡಿದು ಎಷ್ಟೋ ವರ್ಷವಾಗಿತ್ತು, ಆದರೂ ಪತ್ರ ಒಂದು ದಿನವೂ ತಪ್ಪಿ ಹೋಗಲಿಲ್ಲ. ಅಂಥ ಕಚೇರಿಯಲ್ಲಿ ಪಳಗಿದ ನನಗೆ ಮಾತ್ರ ಎಡ ಯಾವುದು ಬಲ ಯಾವುದು ಎಂಬುದು ಇವತ್ತಿಗೂ ಥಟ್ಟನೆ ಹೊಳೆಯುವುದಿಲ್ಲ.

ಇದರ ಮೂಲ ನನ್ನ ಕೈಯಲ್ಲೇ ಇದೆ. ನಾನು ಹುಟ್ಟಾ ಎಡಚ. ನಮ್ಮ ಕಡೆ ಬಲಗೈಯನ್ನು ಬಲಗೈ ಎಂದು ಕರೆಯುವುದು ಶಾಲೆಯ ಪುಸ್ತಕದಲ್ಲಿ. ಮನೆಯಲ್ಲಿ, ಹೊಲದಲ್ಲಿ, ಓಣಿಯಲ್ಲಿ ಅದು ಉಣ್ಣೂ ಕೈ. ಉಣ್ಣುವ ಕೈಗೆ ಬಾವಿ ಬರುತ್ತದೆ, ಉಣ್ಣುವ ಕೈಗೆ ಗುಡಿ ಬರುತ್ತದೆ, ಉಣ್ಣುವ ಕೈಯಲ್ಲಿ ದಕ್ಷಿಣೆ ಹಿಡಿಯಬೇಕು. ಎಲ್ಲರಿಗೂ ತಿಳಿಯುವಂಥ ಸರಳ ಮಾತು. ಆದರೆ ಉಣ್ಣುವ ಕೈ ಎಂದ ಕೂಡಲೇ ನನ್ನ ಯಾವ ಕೈಗೆ ಹಸಿವಾಗುತ್ತಿತ್ತೋ ಅದೇ ಮುಂದೆ ಬರುತ್ತಿತ್ತು, ಮತ್ತು ಅದು ಎಡಗೈ. ಲಕ್ಷ್ಮೇಶ್ವರದ ನಮ್ಮ ಮನೆಯಲ್ಲಿ ಅಜ್ಜಿಯನ್ನು ಆಯಿ ಅನ್ನುತ್ತಿದ್ದೆವು. ಆಯಿ ನನ್ನ ಪಕ್ಕದಲ್ಲೇ ಸವಟು ಹಿಡಿದು ಕೂಡುತ್ತಿದ್ದಳು. ಎಡಗೈ ರೊಟ್ಟಿಯ ಕಡೆ ಹೊರಟಿತೋ, ಟಕ್ ಎಂದು ಗೆಣ್ಣಿನ ಮೇಲೆ ಒಂದು ಬೀಳುತ್ತಿತ್ತು. ಆಯಿ ಆಚೆ ಹೋದ ಗಳಿಗೆಯಲ್ಲಿ ನಾನು ಎಡಗೈಯಿಂದ ನಾಲ್ಕು ತುತ್ತು ಗಬಗಬ ತಿಂದುಬಿಡುತ್ತಿದ್ದೆ. ಆ ನಾಲ್ಕು ತುತ್ತಿನ ರುಚಿಯೇ ಬೇರೆ. ಈಗಲೂ ಮದುವೆ ಮನೆಗಳಲ್ಲಿ ಬಲಗೈಯಲ್ಲಿ ಸಭ್ಯನಾಗಿ ಉಣ್ಣುತ್ತೇನೆ. ಮನೆಗೆ ಬಂದು ಎಡಗೈಯಲ್ಲಿ ಹೊಟ್ಟೆ ತುಂಬಿಸಿಕೊಳ್ಳುತ್ತೇನೆ.

ಹೀಗಿದ್ದವನಿಗೆ ಮೊಬೈಲಿನಲ್ಲಿ ದಾರಿ ಹೇಳುವ ಹೆಣ್ಣುಮಗಳು ಸಿಕ್ಕಾಗ ಆದ ಸಂತೋಷವನ್ನು ಏನೆಂದು ಹೇಳಲಿ! ಆಕಾಶದಲ್ಲಿ ಎಲ್ಲೋ ಉಪಗ್ರಹ, ಇಲ್ಲಿ ಬೆಟಗೇರಿಯ ನಮ್ಮ ಓಣಿಯಲ್ಲಿ ನೀಲಿ ಚುಕ್ಕೆಯಾಗಿ ನಾನು. ಚುಕ್ಕೆ ನಡೆದರೆ ನಾನು ನಡೆದಂತೆ. ಹಚ್ಚಿಕೊಂಡದ್ದೇ ತಡ, ಕಾಯಿಪಲ್ಲೆ ತರಲು ಹೋಗುವಾಗಲೂ ಅವಳನ್ನು ಕೇಳಿಕೊಂಡೇ ಹೋಗತೊಡಗಿದೆ. ಅರವತ್ತೆರಡನೆಯ ವಯಸ್ಸಿನಲ್ಲಿ, ಇದ್ದ ಊರಿನಲ್ಲೇ ನಾನು ಮೊದಲ ಸಲ ಖಾತ್ರಿಯಿಂದ ತಿರುಗಾಡಿದೆ. ನನ್ನ ಹೆಂಡತಿ ಇದನ್ನು ನೋಡಿ, ಬಚ್ಚಲಮನೆಗೆ ಹೋಗುವಾಗಲೂ ಕೇಳಿಕೊಂಡು ಹೋಗಿರಿ ಎಂದು ಹಂಗಿಸಿದಳು.

ಇನ್ನು ನಮ್ಮನ್ನು ಆ ದಾರಿಗೆ ಒಯ್ದ ಮನೆಗಾಡಿಗೆ ಬರುತ್ತೇನೆ. ಬೆಟಗೇರಿಯಲ್ಲಿ ಬಾಬು ಮಿಸ್ತ್ರಿ ಎಂದು ನನ್ನ ಸ್ನೇಹಿತ. ಲಾರಿ, ಟೆಂಪೊಗಳಿಗೆ ಬಾಡಿ ಕಟ್ಟುವುದು ಅವನ ಕಸುಬು. ಮೊಬೈಲಿನಲ್ಲಿ ಯಾವುದೋ ದೇಶದವರು ಮನೆಯನ್ನೇ ಗಾಡಿಯ ಮೇಲಿಟ್ಟುಕೊಂಡು ತಿರುಗುವುದನ್ನು ನೋಡಿದವನೇ ಹುಚ್ಚು ಹಿಡಿದಂತೆ ಎದ್ದ. ಶಾಲೆಯ ಮಕ್ಕಳನ್ನು ಒಯ್ಯುತ್ತಿದ್ದ ಒಂದು ಹಳೆಯ ಮಿನಿಬಸ್ಸು ತಂದು ಒಳಗಿನ ಸೀಟೆಲ್ಲ ಕಿತ್ತೆಸೆದ. ಎರಡು ಮಂಚ, ಗ್ಯಾಸಿನ ಒಲೆ, ನೀರಿನ ಟಾಕಿ, ಮೂಲೆಯಲ್ಲಿ ಕಪಾಟಿನಷ್ಟು ಅಗಲದ ಒಂದು ಪಾಯಖಾನೆ. ವರ್ಷವಿಡೀ ಬಡಿದ. ಮುಗಿದ ದಿನ ಅದರ ಸುತ್ತ ನಾವಿಬ್ಬರೂ ಮೂರು ಸುತ್ತು ಹಾಕಿದೆವು. ಗೇಟಿನ ಹೊರಗೆ ಓಣಿಯೇ ನೆರೆದಿತ್ತು.

ನನ್ನ ಅಕ್ಕ ಶಾಂತಕ್ಕ ಎರಡು ಓಣಿ ಆಚೆ ಇರುತ್ತಾಳೆ. ಅವಳೂ ನೋಡಲು ಬಂದಳು. ಬಾಗಿಲು ತೆಗೆದು ಇಣುಕಿದವಳು ಬಾಬುವನ್ನು ತರಾಟೆಗೆ ತೆಗೆದುಕೊಂಡಳು.

"ಬಾಬು, ಯಾವ ಮನ್ಯಾಗ ಬಾಗಲಾ ತಗದ ಕೂಡ್ಲೆ ವಲಿ ಕಾಣತೈತಿ? ಪಡಸಾಲಿ ಎಲ್ಲೈತಿ?"

"ಗಾಡಿ ಚಾಸಿ ಹೇಳಿದ್ಹಂಗ ನಾ ಕೇಳಬೇಕ್ರಿ ಅಕ್ಕಾರ. ಪಡಸಾಲಿ ಬೇಕಂದ್ರ ಹಿಂದ ಇನ್ನೊಂದ ಗಾಡಿ ಕಟ್ಟಬೇಕಾಕ್ಕೈತಿ."

ಮೆಟ್ಟಿಲು ಎತ್ತರವಾಯಿತೆಂದೂ ಬೈದಳು. ಆಮೇಲೆ ಪಾಯಖಾನೆಯ ಬಾಗಿಲನ್ನು ಎರಡು ಸಲ ತೆಗೆದು ಮುಚ್ಚಿ ನೋಡಿದಳು. ಇದರ ಗುಟ್ಟು ನನಗೆ ಮಾತ್ರ ಗೊತ್ತು. ಅಕ್ಕ ಊರು ಬಿಟ್ಟು ಹೊರಗೆ ಹೋಗದೆ ಆರು ವರ್ಷವಾಗಿತ್ತು. ಕೇಳಿದವರಿಗೆ ಮೊಣಕಾಲು ಅನ್ನುತ್ತಿದ್ದಳು. ಮೊಣಕಾಲೂ ಇತ್ತು, ಆದರೆ ನಿಜವಾದ ತೊಂದರೆ ಸಕ್ಕರೆ ಕಾಯಿಲೆ. ಗಂಟೆಗೊಮ್ಮೆ ಎದ್ದು ಹೋಗಬೇಕು. ನಮ್ಮ ರಸ್ತೆಗಳಲ್ಲಿ ಗಂಡಸಿಗೆ ಜಾಲಿಗಿಡ ಸಾಕು; ಹೆಂಗಸು ಏನು ಮಾಡಬೇಕು? ಮದುವೆಗೆ ಹೋಗಲಿಲ್ಲ, ಸತ್ತವರ ಮಣ್ಣಿಗೆ ಹೋಗಲಿಲ್ಲ. ಇಳಿದು ಹೋಗುವಾಗ ಅಕ್ಕ ಬಾಗಿಲಲ್ಲಿ ನಿಂತು ಆ ಒಲೆಯನ್ನು ಮತ್ತೊಮ್ಮೆ ನೋಡಿದಳು. ನಾನು ಅದನ್ನು ಆಗ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಮೇ ತಿಂಗಳ ಕೊನೆಯ ವಾರ ಅಕ್ಕನಿಗೆ ಒಂದು ಫೋನು ಬಂತು. ಜನ್ನತಬಿಯದು. ಲಕ್ಷ್ಮೇಶ್ವರದಲ್ಲಿ ನಮ್ಮ ಓಣಿಯವಳೇ, ಅಕ್ಕನ ಜತೆ ಒಂದೇ ಶಾಲೆ, ಒಂದೇ ಬೆಂಚು. ಬೆಳ್ಳಟ್ಟಿಗೆ ಕೊಟ್ಟಿದ್ದರು. ಈಗ ಹಜ್ಜಿಗೆ ಹೊರಟಿದ್ದಳು. ಹಜ್ಜಿಗೆ ಹೋಗುವವರು ಹೊರಡುವ ಮೊದಲು ಬಲ್ಲವರನ್ನೆಲ್ಲ ನೆನೆದು ಮಾಫಿ ಕೇಳುವುದು ಪದ್ಧತಿ. ಇದ್ದಬದ್ದ ಕಹಿಯನ್ನು ಇಲ್ಲೇ ತೊಳೆದುಕೊಂಡು ಹೋಗಬೇಕು. ಜನ್ನತಬಿಯೂ ಹಾಗೇ ಕೇಳಿದಳಂತೆ: ಹೇಳಿದ್ದು ಕೇಳಿದ್ದು ಏನಾದರೂ ಇದ್ದರೆ ಮಾಫ್ ಮಾಡು ಶಾಂತಾ, ಗುರುವಾರ ಮಧ್ಯಾಹ್ನ ಎರಡಕ್ಕೆ ಹೊರಡುತ್ತೇವೆ. ಅಕ್ಕ ಹೂಂ ಅಂದವಳು ಫೋನು ಇಟ್ಟು ಸೀದಾ ನಮ್ಮ ಮನೆಗೆ ಬಂದಳು. ಮುಖ ಕೆಂಪಾಗಿತ್ತು.

"ಲೇ ತಮ್ಮಾ, ಆಕಿ ನನಗ ಮಾಫಿ ಕೇಳತಾಳ. ಕೇಳಬೇಕಾದಾಕಿ ನಾನು. ಆಕಿ ಹೋಗೂದ್ರೊಳಗ ನಾ ಬೆಳ್ಳಟ್ಟಿಗೆ ಹೋಗಬೇಕು. ಬಾಬುಗ ಹೇಳು."

ಬಾಬು ಒಂದೇ ಮಾತಿಗೆ ಒಪ್ಪಿದ. ಮನೆಗಾಡಿಯ ಮೊದಲ ಸವಾರಿ! ಅವನು ಡ್ರೈವರು, ನಾನು ಪಕ್ಕದಲ್ಲಿ ಮೊಬೈಲು ಹಿಡಿದು ದಾರಿಯ ಅಧಿಕಾರಿ, ಒಳಗೆ ಅಕ್ಕ. ಹೆಂಡತಿಯನ್ನೂ ಕರೆದೆ. ನೀವು ದಾರಿ ತೋರಿಸುವ ಗಾಡಿಯಲ್ಲಿ ನಾನು ಕಾಲಿಡುವುದಿಲ್ಲ ಎಂದಳು. ಅಕ್ಕ ಮಾತ್ರ ಜೋಳದ ಹಿಟ್ಟು, ಅದನ್ನು ನಾದುವ ಪರಾತ, ರೊಟ್ಟಿ ಸುಡುವ ಹಂಚು ಎಲ್ಲ ಗಂಟು ಕಟ್ಟಿಕೊಂಡು ಬಂದಳು. ನಲವತ್ತೈವತ್ತು ಕಿಲೋಮೀಟರಿಗೆ ಹಂಚು ಯಾಕೆ ಅಂದರೆ, ಮನೆ ಅಂದಮೇಲೆ ಹಂಚು ಬೇಡವೇ ಎಂದಳು.

ಗದಗ ದಾಟಿದ ಮೇಲಿನ ಆ ಒಂದು ಗಂಟೆಯನ್ನು ನಾನು ಸಾಯುವತನಕ ಮರೆಯುವುದಿಲ್ಲ. ಹಿಂದಿನ ದಿನವಷ್ಟೇ ಮಳೆ ಬಿದ್ದಿತ್ತು. ಎರಡೂ ಕಡೆ ಹರಗಿಟ್ಟ ಹೊಲಗಳು ಕಪ್ಪಗೆ ಮಿಂಚುತ್ತಿದ್ದವು. ಒಳಗಿನಿಂದ ಅಕ್ಕ ಪಾಯಖಾನೆಗೆ ಹೋಗಿಬಂದು, "ಗಾಡಿ ನಿಂದರಲಿಲ್ಲ, ನಾ ಹೋಗಿ ಬಂದೆ" ಎಂದು ಸಣ್ಣ ಹುಡುಗಿಯ ಹಾಗೆ ನಕ್ಕಳು. ಸಕ್ಕರೆಯಿಲ್ಲದ ಚಹಾ ಮಾಡಿ ಓಡುವ ಗಾಡಿಯಲ್ಲೇ ಮುಂದಕ್ಕೆ ಚಾಚಿದಳು. ಅರ್ಧ ನನ್ನ ಅಂಗಿಯ ಮೇಲೆ ಬಿತ್ತು, ಆದರೂ ಅಂಥ ಚಹಾ ನಾನು ಕುಡಿದಿಲ್ಲ. ಮೊಬೈಲಿನ ಹೆಣ್ಣುಮಗಳು ಪುಸ್ತಕದ ಕನ್ನಡದಲ್ಲಿ "ಮುನ್ನೂರು ಮೀಟರ್ ನಂತರ ಬಲಕ್ಕೆ ತಿರುಗಿ" ಅಂದರೆ, ಬಾಬು ಪ್ರತಿ ಸಲವೂ "ಆತ್ರಿ ಬಾಯಾರ" ಎಂದು ತಲೆಬಾಗಿಸುತ್ತಿದ್ದ. ಪರಸ್ಥಳದ ಹೆಣ್ಣುಮಗಳು, ಮರ್ಯಾದೆ ಬಿಡಬಾರದು ಎನ್ನುವುದು ಅವನ ವಿಚಾರ.

ಲಕ್ಷ್ಮೇಶ್ವರದಲ್ಲಿ ಅಕ್ಕ ನಮ್ಮ ಹಳೆಯ ಓಣಿಯನ್ನು ಒಂದು ಸಲ ನೋಡಬೇಕೆಂದಳು. ನಾನು ಉತ್ಸಾಹದಿಂದ ಮೊಬೈಲಿಗೆ ಹೇಳಿದೆ. ಮೊಬೈಲಿನವಳು ನಮ್ಮನ್ನು ಕಾರು ಎಂದುಕೊಂಡು ಓಣಿಗೆ ನುಗ್ಗಿಸಿದಳು. ತಲೆಯ ಮೇಲೊಂದು ಮನೆ ಹೊತ್ತ ಗಾಡಿ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ಮೇಲೆ ಕರೆಂಟಿನ ವಾಯರು, ಪಕ್ಕದಲ್ಲಿ ಗಟಾರು. ಮಂದಿ ಅಂಗಡಿ ಬಿಟ್ಟು ಬಂದು ಕೈ ಬೀಸಿ ಬೀಸಿ ಹಿಂದಕ್ಕೆ ಬಿಡಿಸಿದರು. ಮುಕ್ಕಾಲು ಗಂಟೆ ಅಲ್ಲೇ ಹೋಯಿತು. ಅಷ್ಟು ಹೊತ್ತೂ ಅಕ್ಕ ಕಿಟಕಿಯಿಂದ ನಮ್ಮ ಹಳೆಯ ಮನೆಯ ಕಟ್ಟೆಯನ್ನು ನೋಡುತ್ತ ಕೂತಿದ್ದಳು. ಮನೆ ಬೇರೆಯವರದಾಗಿ ಎಷ್ಟೋ ವರ್ಷವಾಗಿದೆ, ಕಟ್ಟೆ ಮಾತ್ರ ಹಾಗೇ ಇದೆ.

ಆ ಕಟ್ಟೆಯ ಮೇಲೆ ಜನ್ನತಬಿ ಕೂಡುತ್ತಿದ್ದಳು. ಒಳಗೆ ಬರುವಂತಿರಲಿಲ್ಲ. ಅದು ಆಯಿಯ ಕಟ್ಟಳೆ. ಒಂದು ಸಂಜೆ ಜೋರು ಮಳೆ ಬಂತು. ಆಯಿ ಗುಡಿಗೆ ಹೋಗಿದ್ದಳು. ಅಕ್ಕನಿಗೆ ಆಗ ಹನ್ನೊಂದು ವರ್ಷ, ನನಗೆ ಆರು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಕ್ಕ ಕಟ್ಟೆಗೆ ಓಡಿ, ತೊಯ್ಯುತ್ತ ಕೂತಿದ್ದ ಗೆಳತಿಯ ಕೈ ಹಿಡಿದು ಪಡಸಾಲೆ ದಾಟಿಸಿ ಸೀದಾ ಅಡುಗೆಮನೆಗೆ ಎಳೆದುಕೊಂಡು ಬಂದಳು. ಬಿಸಿ ರೊಟ್ಟಿ ಅವಳ ಕೈಗೆ ಕೊಡುವಷ್ಟರಲ್ಲಿ ಆಯಿ ಬಾಗಿಲಲ್ಲಿ. ಯಾರು ಕರೆದರು ಇವಳನ್ನು ಎಂದು ಕೇಳಿದಳು. ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಅಕ್ಕ ನೆಲ ನೋಡುತ್ತ, "ಯಾರೂ ಕರದಿಲ್ಲ, ತಾನ ಬಂದ್ಲು" ಎಂದುಬಿಟ್ಟಳು. ಜನ್ನತಬಿ ರೊಟ್ಟಿಯನ್ನು ತಾಟಿನಲ್ಲಿಟ್ಟು ಮಳೆಯಲ್ಲೇ ಹೋದಳು. ಮರುದಿನವೂ ಬಂದಳು, ಶಾಲೆಗೂ ಜತೆಗೇ ಹೋದಳು, ಆದರೆ ಕಟ್ಟೆ ದಾಟಲಿಲ್ಲ. ಅಕ್ಕ ಸುಳ್ಳು ಹೇಳಿದ್ದು ನನಗೆ ಗೊತ್ತಿತ್ತು. ನಾನೂ ಬಾಯಿ ಬಿಡಲಿಲ್ಲ. ಆ ಹೊತ್ತಿನಲ್ಲಿ ನನ್ನ ಎಡಗೈ ರೊಟ್ಟಿಯ ಮೇಲಿತ್ತು, ಅದನ್ನು ಆಯಿ ಇನ್ನೂ ನೋಡಿರಲಿಲ್ಲ.

ಲಕ್ಷ್ಮೇಶ್ವರ ಬಿಟ್ಟಾಗ ಹನ್ನೆರಡೂವರೆ ದಾಟಿತ್ತು. ಎರಡಕ್ಕೆ ಜನ್ನತಬಿ ಹೊರಟುಬಿಡುತ್ತಾಳೆ. ಅಕ್ಕ ಗಡಿಯಾರ ನೋಡುವುದು, ನಾನು ಮೊಬೈಲು ನೋಡುವುದು. ಒಂದು ಕಡೆ ಮೊಬೈಲಿನವಳು ಹೊಸ ದಾರಿ ತೋರಿಸಿದಳು: ಹನ್ನೊಂದು ನಿಮಿಷ ಉಳಿತಾಯ. ನಾನು ಹಿಂದೆಮುಂದೆ ನೋಡದೆ ಒತ್ತಿದೆ. ಡಾಂಬರು ಮುಗಿದು ಚಕ್ಕಡಿ ದಾರಿ ಬಂತು. ಸ್ವಲ್ಪ ದೂರ ಹೋದಾಗ ಎದುರಿಗೆ ಆಡು ಹೊಡೆದುಕೊಂಡು ಒಬ್ಬ ಹೆಣ್ಣುಮಗಳು ಬಂದಳು. ನಮ್ಮ ಗಾಡಿಯನ್ನು ಮೇಲಿನಿಂದ ಕೆಳಗಿನತನಕ ನೋಡಿ, ನನ್ನ ಕಿಟಕಿಯ ಹತ್ತಿರ ಬಂದು ಕೂಗಿ ಹೇಳಿದಳು.

"ಹಿಂಗ ನೆಟ್ಟಗ ಹೋಗಬ್ಯಾಡ್ರಿ ಯಪ್ಪಾ, ಮುಂದ ಬರೇ ಎರಿ ಐತಿ, ಮಳಿ ಆಗೇತಿ. ಬೇವಿನ ಗಿಡದ ಹಂತ್ಯಾಕ ಉಣ್ಣೂ ಕೈಗೆ ಹೊಳ್ರಿ. ಮಸಾರಿ ದಾರಿ, ಗಾಲಿ ಸಿಕ್ಕೊಳ್ಳಂಗಿಲ್ಲ."

ನೋಡಿದಿರಾ! ಆಕಾಶದಲ್ಲಿದ್ದವಳಿಗೆ ಎರೆ ಯಾವುದು, ಮಸಾರಿ ಯಾವುದು ಗೊತ್ತಿಲ್ಲ. ಕರಿಮಣ್ಣು ತೊಯ್ದರೆ ಎತ್ತಿನ ಕಾಲನ್ನೂ ಬಿಡುವುದಿಲ್ಲ, ಕೆಂಪುಮಣ್ಣು ಅರ್ಧ ದಿನಕ್ಕೆ ಗಟ್ಟಿಯಾಗುತ್ತದೆ. ಇದನ್ನು ನೆಲದ ಮೇಲೆ ನಡೆಯುವವರೇ ಹೇಳಬೇಕು. ನನಗೆ ಆ ಹೆಣ್ಣುಮಗಳ ಮೇಲೆ ಎಷ್ಟು ಅಭಿಮಾನ ಉಕ್ಕಿತೆಂದರೆ, ಬೇವಿನ ಗಿಡ ಕಂಡ ಕೂಡಲೇ ಬಾಬುವಿಗೆ ಗಂಭೀರವಾಗಿ ಆಜ್ಞೆ ಕೊಟ್ಟೆ: ಎಡಕ್ಕೆ. ಇಂಜಿನ್ನಿನ ಗದ್ದಲದಲ್ಲಿ ಅವಳ ಮಾತು ಅವನಿಗೆ ಕೇಳಿರಲಿಲ್ಲ. ಎಡಕ್ಕೆ ಹೊರಳಿಸಿದ. ಮೊಬೈಲಿನವಳು ಹಿಂತಿರುಗಿ, ಹಿಂತಿರುಗಿ ಎಂದು ಒಂದೇ ಸಮನೆ ಗೋಗರೆದಳು. ನಿನಗೇನು ಗೊತ್ತು ಎಂದು ನಾನು ಅವಳ ಬಾಯಿ ಮುಚ್ಚಿಸಿದೆ.

ನೂರು ಹೆಜ್ಜೆ ಹೋಗಿರಬೇಕು. ಗಾಡಿ ಒಂದು ಸಲ ಓಲಾಡಿತು, ಎರಡನೆಯ ಸಲ ಕೂತಿತು. ಬಾಬು ಇಳಿದು ನೋಡಿದ. ಹಿಂದಿನ ಗಾಲಿಗಳು ಅರ್ಧ ಕರಿಮಣ್ಣಿನಲ್ಲಿ. ಸುತ್ತ ಎಲ್ಲಿ ನೋಡಿದರೂ ಎರೆ. ಬೇವಿನ ಗಿಡದ ಆಚೆ ಬದಿಗೆ ಕೆಂಪು ದಾರಿ ಬಿಸಿಲಿನಲ್ಲಿ ಚೆಂದಾಗಿ ಕಾಣುತ್ತಿತ್ತು.

ಆ ಆಡಿನ ಹೆಣ್ಣುಮಗಳು ಏನೆಂದು ಹೇಳಿದಳು ಎಂದು ಬಾಬು ಕೇಳಿದ. ಉಣ್ಣೂ ಕೈಗೆ ಅಂದಳು ಎಂದೆ. ಹೇಳುವಾಗಲೇ ನನ್ನ ಎಡಗೈ ತಾನಾಗಿ ಮೇಲೆ ಬಂದಿತ್ತು. ಬಾಬು ಆ ಕೈಯನ್ನು ನೋಡಿದ, ನನ್ನ ಮುಖ ನೋಡಿದ.

"ಪೋಸ್ಟಮಾಸ್ತರ, ಊರಿಗೆಲ್ಲಾ ಒಂದ ಉಣ್ಣೂ ಕೈ, ನಿಮಗಷ್ಟ ಬ್ಯಾರೆ ಐತೇನ್ರಿ?"

ನಾಚಿಕೆಯಿಂದ ನಾನು ಆ ಮಣ್ಣಿನಲ್ಲೇ ಇಳಿದುಹೋಗಬೇಕಿತ್ತು. ಇಳಿದೂ ಇದ್ದೆ, ಪಾದ ಮುಳುಗುವತನಕ. ಮೊಬೈಲು ಕೈಜಾರಿ ಬಿದ್ದದ್ದು ಆಗಲೇ. ಗಂಟೆ ಒಂದೂ ಕಾಲು. ಬೆಳ್ಳಟ್ಟಿ ಇನ್ನೂ ಮೂರು ಕಿಲೋಮೀಟರು. ಐವತ್ತಾರು ವರ್ಷ ಎದೆಯಲ್ಲಿಟ್ಟುಕೊಂಡ ಮಾತನ್ನು ಅಕ್ಕ ಹೇಳಲು ಹೊರಟಿದ್ದಳು, ನಾನು ಅವಳನ್ನು ತಂದು ಹೊಲದಲ್ಲಿ ನೆಟ್ಟಿದ್ದೆ. ನನಗೆ ಅಳು ಬಂತು. ಅಕ್ಕ ಬೈಯಲಿಲ್ಲ. ಫೋನು ಹಚ್ಚಿ ಜನ್ನತಬಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆ ಕಡೆಯಿಂದ ಅವಳ ಮಗ ಮಾತಾಡಿ, ನೀವೆಲ್ಲಿದ್ದೀರೋ ಅದನ್ನು ಮೊಬೈಲಿನಲ್ಲಿ ಕಳಿಸಿ, ಹೇಗೂ ಜೀಪು ಹೊರಡಿಸುತ್ತಿದ್ದೇವೆ, ಅಲ್ಲಿಗೇ ಬರುತ್ತೇವೆ ಎಂದ.

ನಾನು ಅಂಗಿಗೆ ಮಣ್ಣು ಒರೆಸಿ ಕಳಿಸಿದೆ. ಗೆಳೆಯರೇ, ಇಡೀ ನೌಕರಿಯಲ್ಲಿ ಅಂಥ ವಿಳಾಸ ನಾನು ಕಂಡಿರಲಿಲ್ಲ. ಊರಿಲ್ಲ, ಓಣಿಯಿಲ್ಲ, ಮನೆ ನಂಬರಿಲ್ಲ, ಹುಣಸೆಗಿಡವೂ ಇಲ್ಲ. ಬಟಾಬಯಲು ಹೊಲದ ನಡುವೆ ಒಂದು ಕೆಂಪು ಗುರುತು. ಅದನ್ನು ಹಿಡಿದು ಇಪ್ಪತ್ತೇ ನಿಮಿಷದಲ್ಲಿ ಜೀಪು ಬೇವಿನ ಗಿಡದ ಹತ್ತಿರ ಬಂದು ನಿಂತಿತು. ನಾನು ಬಾಯಿ ಮುಚ್ಚಿಸಿದ್ದ ಆ ಹೆಣ್ಣುಮಗಳಿಗೆ ಮನಸ್ಸಿನಲ್ಲೇ ಕೈಮುಗಿದೆ. ನಾವೆಲ್ಲಿದ್ದೇವೆ ಎಂದು ನಮಗಿಂತ ಚೆನ್ನಾಗಿ ಅವಳು ಹೇಳಿದ್ದಳು.

ಜೀಪು ಎರೆಗೆ ಇಳಿಯುವಂತಿರಲಿಲ್ಲ. ಅಕ್ಕನಿಗೆ ಭುಜ ಕೊಡಲು ಹೋದೆ. ಹುಲ್ಲು ಬೆಳೆದ ಬದುವಿನ ಮೇಲೆ ನಿಧಾನವಾಗಿ ನಡೆಸಿದರೆ ಗಿಡದತನಕ ಮುಟ್ಟಿಸಬಹುದಿತ್ತು. ಅಕ್ಕ ನನ್ನ ಕೈ ಸರಿಸಿದಳು.

"ನಾ ಅಲ್ಲಿಗೆ ಹೋಗಂಗಿಲ್ಲೊ. ಆಕಿ ನಮ್ಮ ಮನಿಗೆ ಬರಲಿ."

ಆಗ ನನಗೆ ಎಲ್ಲ ತಿಳಿಯಿತು. ಹಂಚು ಯಾಕೆ, ಪರಾತ ಯಾಕೆ, ಆವತ್ತು ಬಾಗಿಲಲ್ಲಿ ನಿಂತು ಒಲೆಯನ್ನು ಯಾಕೆ ನೋಡಿದಳು. ಅಕ್ಕ ಬೆಳ್ಳಟ್ಟಿಗೆ ಪ್ರವಾಸ ಹೊರಟಿರಲಿಲ್ಲ. ಮನೆಯನ್ನೇ ಗೆಳತಿಯ ಬಾಗಿಲಿಗೆ ಒಯ್ಯಲು ಹೊರಟಿದ್ದಳು. ನನ್ನ ಎಡವಟ್ಟಿನಿಂದ ಬಾಗಿಲು ಮೂರು ಕಿಲೋಮೀಟರು ಈಚೆಗಾಗಿತ್ತು, ಅಷ್ಟೇ. ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅವಳು ಒಲೆ ಹೊತ್ತಿಸಿ ಹಿಟ್ಟು ನಾದಿಯಾಗಿತ್ತು. ರೊಟ್ಟಿ ಬಡಿಯುವ ಪಟಪಟ ಸದ್ದು ಆ ಬಯಲಿನಲ್ಲಿ ದೂರದತನಕ ಕೇಳುತ್ತಿತ್ತು.

ಜನ್ನತಬಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬದುವಿನ ಮೇಲೆ ನಡೆದು ಬಂದಳು. ಪ್ರಯಾಣಕ್ಕೆಂದು ಉಟ್ಟ ಹೊಸ ಬಿಳಿ ಬಟ್ಟೆಯ ಅಂಚಿಗೆ ಆಗಲೇ ಕರಿಮಣ್ಣು ಹತ್ತಿತ್ತು. ಬಾಗಿಲ ಮುಂದೆ ನಿಂತು ತಲೆಯೆತ್ತಿ ನೋಡಿದಳು. ಎದುರಿಗೇ ಒಲೆ, ಹಂಚಿನ ಮೇಲೆ ಉಬ್ಬುತ್ತಿದ್ದ ರೊಟ್ಟಿ. ಎತ್ತಿದ ಕಾಲನ್ನು ಹಾಗೇ ಕೆಳಗಿಟ್ಟಳು.

"ಶಾಂತಾ, ಇದು ಅಡಗಿಮನಿ ಅಲ್ಲೇನ?"

"ಹೌದು. ಬಾ."

ಅವಳು ಅಲ್ಲೇ ನಿಂತಳು. ನಾನೂ ಬಾಬುವೂ ಮಣ್ಣಿನಲ್ಲಿ ಒಂದು ಪಕ್ಕಕ್ಕೆ ನಿಂತಿದ್ದೆವು. ಅಕ್ಕ ಬಡಿಯುತ್ತಿದ್ದ ರೊಟ್ಟಿಯನ್ನು ಬಿಟ್ಟು ಬಾಗಿಲಿಗೆ ಬಂದಳು.

"ನಾನ ಕರಿಯಾಕ ಹತ್ತೇನಿ, ಬಾ. ಅವತ್ತೂ ನಾನ ಕರದಿದ್ದೆ. ತಾನ ಬಂದ್ಲು ಅಂತ ಆಯಿ ಮುಂದ ಸುಳ್ಳ ಹೇಳಿದೆ. ನನ್ನ ಮಾಫ್ ಮಾಡಿ ಹೋಗು."

ಜನ್ನತಬಿಯ ಕಣ್ಣು ತುಂಬಿದ್ದವು, ಬಾಯಿ ನಗುತ್ತಿತ್ತು.

"ನನಗ ಗೊತ್ತಿಲ್ಲೇನ? ಕೈ ಹಿಡದ ಎಳಕೊಂಡ ಹೋಗಿದ್ದಿ. ಈಗೂ ಕೈ ಕೊಡು, ಮೆಟ್ಟಲಾ ಎತ್ತರ ಐತಿ."

ಅಕ್ಕ ಬಾಗಿ ಕೈ ಚಾಚಿದಳು. ಮುಂಗೈತನಕ ಜೋಳದ ಹಿಟ್ಟು ಮೆತ್ತಿತ್ತು. ಅದು ಉಣ್ಣುವ ಕೈ. ಜೀವಮಾನದಲ್ಲಿ ಅದೊಂದು ಸಲ ನನಗೆ ಯಾವ ಕೈ ಎಂದು ಗೊಂದಲವಾಗಲಿಲ್ಲ.